ಫೋನೋ, ಹಳೆ ಡಿಎಸ್‌ಎಲ್‌ಆರೋ, ಮಿರರ್‌ಲೆಸ್ಸೋ, ಸೂಪರ್‌ಜೂಮೋ? ನಮ್ಮ ಸೀಮೆಯ ಹವ್ಯಾಸಿ ಛಾಯಾಗ್ರಾಹಕರಿಗೊಂದು ಹೋಲಿಕೆ

ಫೋಟೊಗ್ರಫಿ ಹುಚ್ಚು ಹತ್ತಿದವರು ಮೊದಲು ಕೇಳುವುದು "ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ. ಕೈಯಲ್ಲಿ ಒಬ್ಬರಿಗೆ 20 ಸಾವಿರ, ಇನ್ನೊಬ್ಬರಿಗೆ 70 ಸಾವಿರ, ಮತ್ತೊಬ್ಬರಿಗೆ ಹೊಸದಾಗಿ ಕೊಂಡ ಫೋನ್ ಬಿಟ್ಟರೆ ಬೇರೇನೂ ಇಲ್ಲ. ಮೂವರಿಗೂ ಅಂಗಡಿಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಆ ವಾರ ಸ್ಟಾಕಿನಲ್ಲಿರುವ ಮಾಡೆಲ್. ಅದರ ಬದಲು ನೀವು ಎಲ್ಲಿ, ಯಾವ ಬೆಳಕಿನಲ್ಲಿ, ಎಷ್ಟು ದೂರದಿಂದ ಏನನ್ನು ತೆಗೆಯುತ್ತೀರಿ ಎಂಬುದರಿಂದ ಶುರು ಮಾಡಿದರೆ ಆಯ್ಕೆ ಅರ್ಧ ಮುಗಿದಂತೆ. ಬಾಡಿ (ಲೆನ್ಸು ಬಿಟ್ಟು ಬರೀ ಕ್ಯಾಮೆರಾ) ಆಮೇಲೆ, ಮೊದಲು ಲೆನ್ಸು, ಅದಕ್ಕೂ ಮೊದಲು ವಿಷಯ.

ಅಳೆಯುವುದು ಯಾವುದರಿಂದ?

ಮೊದಲನೆಯದು ಬೆಳಕು. ನಮ್ಮ ಕಡೆ ಹವ್ಯಾಸಿಗಳು ಹೋಗುವ ಜಾಗಗಳಲ್ಲಿ ಅರ್ಧಕ್ಕರ್ಧ ಮಬ್ಬು ಬೆಳಕಿನವು: ಗೋಲಗುಮ್ಮಟದ ಒಳಗು, ಬಾದಾಮಿಯ ಗುಹೆಗಳು, ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ, ಇಳಕಲ್ಲು ಗುಳೇದಗುಡ್ಡದ ಮಗ್ಗದ ಮನೆಗಳು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಬೇಕು, ಗೇಟಿನಲ್ಲೇ ತಡೆಯುತ್ತಾರೆ. ಅಂದರೆ ಕೈಯಲ್ಲಿ ಹಿಡಿದೇ ತೆಗೆಯಬೇಕು.

ಎರಡನೆಯದು ದೂರ. ಆಲಮಟ್ಟಿ ಹಿನ್ನೀರಿನ ಹಕ್ಕಿಗಳಾಗಲಿ ಘಟಪ್ರಭೆಯ ದಂಡೆಯ ಹಕ್ಕಿಗಳಾಗಲಿ ನಿಮ್ಮನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮೂರನೆಯದು ಓಟ: ಕಾರಹುಣ್ಣಿಮೆಯ ಎತ್ತು, ಜಾತ್ರೆಯ ತೇರು, ಅಂಗಳದಲ್ಲಿ ಓಡಾಡುವ ಕೂಸು. ನಾಲ್ಕನೆಯದು ಹವೆ. ವಿಜಯಪುರ, ಬಾಗಲಕೋಟೆಯಲ್ಲಿ ಎರೆಮಣ್ಣಿನ ಧೂಳು ಮತ್ತು 40 ಡಿಗ್ರಿ ದಾಟುವ ಬೇಸಿಗೆ. ಬೆಳಗಾವಿ, ಖಾನಾಪುರದಲ್ಲಿ ತಿಂಗಳುಗಟ್ಟಲೆ ಮಳೆ. ಐದನೆಯದು ಕಲಿಕೆ, ಅಂದರೆ ಉಪಕರಣ ನಿಮಗೆ ತಾನೇ ಎಷ್ಟು ಪಾಠ ಹೇಳುತ್ತದೆ ಎಂಬುದು. ಕೊನೆಯದು ಒಟ್ಟು ರೊಕ್ಕ. ಡಬ್ಬದ ಮೇಲಿನ ಬೆಲೆಗೆ ಕಾರ್ಡು, ಎರಡನೇ ಬ್ಯಾಟರಿ, ಚೀಲ, ಧೂಳು ಊದುವ ಬ್ಲೋವರ್, ಇನ್ನೊಂದು ಲೆನ್ಸು ಸೇರಿಸಿದ ಮೇಲಿನ ಲೆಕ್ಕ ಅದು.

ಫೋನು: ಎಲ್ಲರೂ ಅಂದುಕೊಂಡಷ್ಟು ಸಣ್ಣದಲ್ಲ

ಗೋಲಗುಮ್ಮಟದ ಒಳಗೆ ನಿಂತು ಇಡೀ ಗುಮ್ಮಟವನ್ನು ಚೌಕಟ್ಟಿಗೆ ತರಬೇಕೆಂದರೆ ಒಂದು ಒಳ್ಳೆಯ ಫೋನು ಕೈಯಲ್ಲಿ ಹಿಡಿದ ಅಗ್ಗದ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ, ಲೆನ್ಸು ಬದಲಿಸಬಹುದಾದ ಕ್ಯಾಮೆರಾ) ಅನ್ನು ಸೋಲಿಸುತ್ತದೆ. ನೈಟ್ ಮೋಡ್ ಹಲವು ಫ್ರೇಮು ತೆಗೆದು ಒಂದರ ಮೇಲೊಂದು ಕೂಡಿಸಿ ನಾಯ್ಸ್ (ಮಬ್ಬಿನ ಚಿತ್ರದಲ್ಲಿ ಬೀಳುವ ಕಾಳುಕಾಳು) ಇಳಿಸುತ್ತದೆ. ಕಲ್ಲು ಅಲುಗಾಡುವುದಿಲ್ಲವಾದ್ದರಿಂದ ಆ ಲೆಕ್ಕ ಸರಿಯಾಗಿ ಕೂಡುತ್ತದೆ. ಒಂದು ಎಚ್ಚರ: 0.5 ಎಂದು ತೋರಿಸುವ ಅಗಲ ಲೆನ್ಸಿನ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಬಹುತೇಕ ಫೋನುಗಳಲ್ಲಿ ಮುಖ್ಯ ಲೆನ್ಸಿಗಿಂತ ಸಣ್ಣದು, ಮಬ್ಬಿನಲ್ಲಿ ಅದರ ಚಿತ್ರ ಬೇಗ ಕೆಡುತ್ತದೆ. ಮುಖ್ಯ ಲೆನ್ಸಿನಲ್ಲೇ ಮೇಲಿಂದ ಕೆಳಗೆ ಎರಡು ಮೂರು ಫೋಟೊ ತೆಗೆದು ಆಮೇಲೆ ಜೋಡಿಸಿ.

ಅದೇ ಫೋನನ್ನು ಇಳಕಲ್ಲಿನ ಮಗ್ಗದ ಕೋಣೆಗೆ ಒಯ್ಯಿರಿ. ಕಿಟಕಿಯಿಂದ ಒಂದೇ ಕಡೆಯ ಬೆಳಕು, ನೇಕಾರರ ಕೈ ನಿಲ್ಲದೆ ಆಡುತ್ತದೆ. ನೈಟ್ ಮೋಡಿನಲ್ಲಿ ಸೀರೆಯ ಅಂಚು ಚೂಪಾಗಿ ಬರುತ್ತದೆ, ಬೆರಳು ಮಾತ್ರ ಎರಡೆರಡಾಗಿ ಕಾಣುತ್ತವೆ ಅಥವಾ ಅಳಿಸಿದಂತಾಗುತ್ತವೆ. ಕೈಯಾರೆ ಹೊಂದಿಸುವ ಪ್ರೋ ಮೋಡಿಗೆ ಹೋಗಿ ಶಟರ್ (ಬೆಳಕು ಒಳಬಿಡುವ ಹೊತ್ತು) 1/250 ಸೆಕೆಂಡಿಗೆ ಇಟ್ಟರೆ ಕೈ ನಿಲ್ಲುತ್ತದೆ, ಆದರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿ ಕೆಂಪು ಸೆರಗಿನ ಮೇಲೆ ಕಾಳುಕಾಳು ಬೀಳುತ್ತದೆ. ಸೆನ್ಸರ್ ಸಣ್ಣದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಬಹುತೇಕ ಫೋನುಗಳಲ್ಲಿ ಒಂದೇ ಅಳತೆಗೆ ಕಟ್ಟಿದ್ದು. ಹೊಂದಿಸಲು ಉಳಿಯುವುದು ಶಟರ್ ಮತ್ತು ಐಎಸ್‌ಒ ಎರಡೇ.

ಕಲಿಕೆಯಲ್ಲಿ ಫೋನಿನ ಕೊರತೆಯೂ ಇದೇ. ಚೌಕಟ್ಟು, ಬೆಳಕಿನ ದಿಕ್ಕು, ಹೊತ್ತು ನೋಡುವುದು, ಜನರೊಡನೆ ಮಾತಾಡಿ ಫೋಟೊ ತೆಗೆಯುವುದು ಇವನ್ನೆಲ್ಲ ಫೋನಿನಲ್ಲೇ ಕಲಿಯಬಹುದು, ಕಲಿಯಲೂ ಬೇಕು. ಹಿನ್ನೆಲೆ ಮಸುಕಾಗುವುದರ ಪಾಠ ಮಾತ್ರ ಸಿಗುವುದಿಲ್ಲ. ಪೋರ್ಟ್ರೇಟ್ ಮೋಡ್ ಲೆಕ್ಕ ಹಾಕಿ ಮಸುಕು ಬಳಿಯುತ್ತದೆ. ಕಿವಿಯ ಬುಗುಡಿ, ಕೆದರಿದ ಕೂದಲು, ಸೆರಗಿನ ಅಂಚು ಇಂಥಲ್ಲಿ ಅದು ಎಡವುವುದನ್ನು ದೊಡ್ಡದು ಮಾಡಿ ನೋಡಿದರೆ ಗೊತ್ತಾಗುತ್ತದೆ.

ಬಾಗಲಕೋಟೆಯ ಹೋಳಿ ಹಬ್ಬಕ್ಕೆ ಮಾತ್ರ ಕಣ್ಣುಮುಚ್ಚಿ ಫೋನೇ ಒಯ್ಯಿರಿ, ಅದೂ ನೀರು ತಡೆಯುವ ಕವರಿನಲ್ಲಿ. ಬಂಡಿಯ ಮೇಲಿನ ಬ್ಯಾರೆಲ್ಲಿನಿಂದ ಬಣ್ಣ ಎರಚುವವರು ನಿಮ್ಮ ಕೊರಳಲ್ಲಿ ತೂಗುತ್ತಿರುವುದರ ಬೆಲೆ ಕೇಳುವುದಿಲ್ಲ. ಜೂಮ್ ಮಾಡಿದಾಗ ಮುಂದೆ ಹಿಂದೆ ಸರಿಯುವ ಲೆನ್ಸುಗಳು ಗಾಳಿಯ ಜತೆ ಬಣ್ಣದ ಪುಡಿಯನ್ನೂ ಒಳಗೆಳೆದುಕೊಳ್ಳುತ್ತವೆ.

ಹಳೆಯ ಡಿಎಸ್‌ಎಲ್‌ಆರ್: ಕಲಿಯುವವರಿಗೆ ರೊಕ್ಕಕ್ಕೆ ತಕ್ಕ ಬೆಲೆ

20ರಿಂದ 30 ಸಾವಿರದೊಳಗೆ ಫೋಟೊಗ್ರಫಿಯನ್ನು ಸರಿಯಾಗಿ ಕಲಿಯಬೇಕು ಅನ್ನುವವರಿಗೆ ಇದಕ್ಕೆ ಸಾಟಿ ಇನ್ನೊಂದಿಲ್ಲ. ಕ್ಯಾನನ್ 1300ಡಿ, 1500ಡಿ, 200ಡಿ, ನಿಕಾನ್ ಡಿ3300, ಡಿ3500, ಡಿ5300, ಡಿ5600 ಇವೆಲ್ಲ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ ಬಾಡಿಗಳು. 1300ಡಿ 18 ಮೆಗಾಪಿಕ್ಸೆಲ್, ಉಳಿದವು 24ರ ಆಸುಪಾಸು. ಆ ವ್ಯತ್ಯಾಸಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕ್ಯಾನನ್ನಿನಲ್ಲಿ 200ಡಿ ಸಿಕ್ಕರೆ ಅದನ್ನೇ ಹಿಡಿಯಿರಿ: ತಿರುಗುವ ಸ್ಕ್ರೀನ್ ಇದೆ, ಸ್ಕ್ರೀನ್ ನೋಡಿ ತೆಗೆಯುವಾಗ ಫೋಕಸ್ ಚುರುಕು. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಫೋಟೊ ಎಂಬುದರಲ್ಲಿ ಡಿ3500 ಎಲ್ಲರಿಗಿಂತ ಮುಂದೆ, ಕಂಪನಿಯ ಅಳತೆಯಲ್ಲಿ 1,550. ಐಹೊಳೆ, ಪಟ್ಟದಕಲ್ಲು ಎರಡನ್ನೂ ಒಂದೇ ದಿನ ಬಸ್ಸಿನಲ್ಲಿ ಸುತ್ತುವವರಿಗೆ ಇದು ಸಣ್ಣ ಮಾತಲ್ಲ.

ಆದರೆ ಈ ಆಯ್ಕೆಯ ತಿರುಳಿರುವುದು ಬಾಡಿಯಲ್ಲಲ್ಲ, ಅದಕ್ಕೆ ಹಾಕುವ 50 ಮಿ.ಮೀ. ಎಫ್/1.8 ಲೆನ್ಸಿನಲ್ಲಿ. ಮಿ.ಮೀ. ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು. ಜತೆಗೆ ಬರುವ 18-55 ಕಿಟ್ ಲೆನ್ಸು 55ಕ್ಕೆ ಜೂಮ್ ಮಾಡಿದಾಗ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/1.8 ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಬಾದಾಮಿಯ ಮೂರನೇ ಗುಹೆಯ ಒಂದು ಮೂಲೆಯಲ್ಲಿ ಕಿಟ್ ಲೆನ್ಸಿಗೆ ಐಎಸ್‌ಒ 1600ರಲ್ಲಿ 1/8 ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಅದೇ ಜಾಗಕ್ಕೆ ಎಫ್/1.8ರಲ್ಲಿ 1/80 ಸಾಕು. ಈ ಸೆನ್ಸರಿನ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಕೈ ನಡುಗದಂತೆ ಹಿಡಿಯಲು ಬೇಕಾದ ವೇಗ ಹೆಚ್ಚುಕಡಿಮೆ ಅದೇ 1/80. ಟ್ರೈಪಾಡ್ ಇಲ್ಲದ ಜಾಗದಲ್ಲಿ ಚಿತ್ರ ಬರುತ್ತದೋ ಇಲ್ಲವೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ.

ಇದೇ ಲೆನ್ಸು ಪಾಠವನ್ನೂ ಕಲಿಸುತ್ತದೆ. ಒಂದು ಮೀಟರ್ ದೂರದಿಂದ ಎಫ್/1.8ರಲ್ಲಿ ಅಜ್ಜಿಯ ಮುಖ ತೆಗೆದರೆ ಚೂಪಾಗಿ ಬರುವ ಆಳ ಮೂರು ಸೆಂಟಿಮೀಟರ್ ಕೂಡ ಇರುವುದಿಲ್ಲ. ಕಣ್ಣು ಚೂಪು, ಕಿವಿ ಮಸುಕು. ಎರಡು ಮೀಟರಿಗೆ ಹಿಂದೆ ಸರಿದರೆ ಅದು ಹನ್ನೊಂದು ಸೆಂಟಿಮೀಟರ್ ಆಗುತ್ತದೆ. ಅಲ್ಲೇ ನಿಂತು ಎಫ್/2.8ಕ್ಕೆ ಇಳಿಸಿದರೆ ಹದಿನೇಳರ ಹತ್ತಿರ. ಮಗ್ಗದ ಮುಂದೆ ಕೂತ ನೇಕಾರರ ಮುಖವೂ ಕೈಯೂ ಬೇಕಾದಾಗ ಈ ಲೆಕ್ಕ ಬೆರಳ ತುದಿಯಲ್ಲಿರಬೇಕು. ಕ್ಯಾನನ್ನಿನಲ್ಲಿ ಎವಿ, ನಿಕಾನಿನಲ್ಲಿ ಎ ಎಂದಿರುವ ಮೋಡಿನಲ್ಲಿ ಇಟ್ಟು, ಒಂದೇ ವಸ್ತುವನ್ನು ಎಫ್/1.8, 4, 8ರಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿ. ಯಾವ ವಿಡಿಯೊ ಪಾಠಕ್ಕಿಂತಲೂ ಬೇಗ ತಲೆಗೆ ಹತ್ತುತ್ತದೆ.

ಕೊರತೆಯೂ ಉಂಟು. 50 ಮಿ.ಮೀ. ಈ ಬಾಡಿಗಳ ಮೇಲೆ ಇಕ್ಕಟ್ಟಾದ ಲೆನ್ಸು, ಗೋಲಗುಮ್ಮಟದೊಳಗೆ ಗೋಡೆಯ ತುಂಡಷ್ಟೇ ಬರುತ್ತದೆ. ಅಲ್ಲಿಗೆ ಕಿಟ್ ಲೆನ್ಸಿನ 18 ಬೇಕು. ನಿಕಾನ್ ಕೊಳ್ಳುವವರಿಗೆ ಇನ್ನೊಂದು ಹಳ್ಳವಿದೆ. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಎಎಫ್-ಡಿ 50 ತಂದರೆ ಕೈಯಿಂದಲೇ ಫೋಕಸ್ ತಿರುಗಿಸುತ್ತ ಕೂರಬೇಕು. ಎಎಫ್-ಎಸ್ ಎಂದು ಬರೆದದ್ದೇ ಬೇಕು. ಹೊಸ ಎಎಫ್-ಪಿ ಲೆನ್ಸುಗಳು ಡಿ3100, ಡಿ5100ರಂಥ ಹಳೆಯ ಬಾಡಿಗಳ ಮೇಲೆ ಫೋಕಸ್ ಆಗುವುದೇ ಇಲ್ಲ.

ಸೆಕೆಂಡ್ ಹ್ಯಾಂಡ್ ನೋಡುವ ಬಗೆ

ನಮ್ಮ ಊರುಗಳಲ್ಲಿ ಕೈಬದಲಾಗುವ ಬಾಡಿಗಳಲ್ಲಿ ಬಹಳಷ್ಟು ಮದುವೆ ಫೋಟೊ ತೆಗೆದು ದಣಿದವು. ಮನೆಯ ಕಪಾಟಿನಲ್ಲಿ ಮಲಗಿದ್ದ ಕ್ಯಾಮೆರಾ ಸಿಕ್ಕರೆ ನೋಡಲು ಹೊಸದರಂತಿರುತ್ತದೆ, ಆದರೆ ಲೆನ್ಸಿನಲ್ಲಿ ಬೂಸ್ಟು ಇರುವ ಸಂಭವ ಅದರಲ್ಲೇ ಹೆಚ್ಚು.

ಮೊದಲು ಲೆನ್ಸು. ಅಪರ್ಚರ್ ಪೂರ್ತಿ ತೆರೆದು, ಒಂದು ಕಡೆಯಿಂದ ಫೋನಿನ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಬಿಡಿ ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡನ ಎಳೆಯಂತೆ ಕವಲೊಡೆದ ಗೆರೆ ಕಂಡರೆ ಅದು ಬೂಸ್ಟು. ಅರ್ಧ ಬೆಲೆಗೆ ಕೊಟ್ಟರೂ ಬೇಡ, ಬಿಚ್ಚಿ ತೊಳೆಯುವ ಖರ್ಚು ಅಗ್ಗದ ಲೆನ್ಸಿನ ಬೆಲೆಯನ್ನೇ ನುಂಗುತ್ತದೆ. ಆಮೇಲೆ ಸೆನ್ಸರ್: ಎಫ್/16 ಇಟ್ಟು ಬರೀ ಆಕಾಶದ್ದೋ ಬಿಳಿ ಗೋಡೆಯದ್ದೋ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಮಸುಕು ಕರಿಚುಕ್ಕೆ ಧೂಳು, ತೆಗೆಸಬಹುದು. ಚೂಪು ಗೀರಿನಂಥದು ಕಂಡರೆ ಎದ್ದು ಬನ್ನಿ. ಲೆನ್ಸಿಗೆ ಮುಚ್ಚಳ ಹಾಕಿ ಐಎಸ್‌ಒ 800ರಲ್ಲಿ ಒಂದು ಸೆಕೆಂಡಿನ ಫೋಟೊ ತೆಗೆದರೆ ಕೆಟ್ಟ ಪಿಕ್ಸೆಲ್ಲುಗಳು ಬಣ್ಣದ ಚುಕ್ಕೆಯಾಗಿ ಹೊಳೆಯುತ್ತವೆ.

ಶಟರ್ ಎಷ್ಟು ಸಲ ಬಿದ್ದಿದೆ ಎಂಬುದನ್ನು ನಿಕಾನಿನಲ್ಲಿ ಆಗಷ್ಟೇ ತೆಗೆದ ಫೋಟೊ ಫೈಲಿನಿಂದಲೇ ಓದಬಹುದು. ಆ ಸಂಖ್ಯೆ ತೋರಿಸುವ ಉಚಿತ ತಾಣಗಳಿವೆ. ಕ್ಯಾನನ್ನಿನ ಈ ದರ್ಜೆಯ ಬಾಡಿಗಳ ಫೋಟೊ ಫೈಲಿನಲ್ಲಿ ಅದು ಸಿಗುವುದಿಲ್ಲ, ಕೇಬಲ್ ಹಾಕಿ ಸಾಫ್ಟ್‌ವೇರಿನಿಂದ ನೋಡಬೇಕು. ಈ ದರ್ಜೆಯ ಶಟರನ್ನು ಸುಮಾರು ಒಂದು ಲಕ್ಷದ ಲೆಕ್ಕದಲ್ಲಿ ಹಿಡಿಯುವುದು ವಾಡಿಕೆ. 30 ಸಾವಿರದೊಳಗಿದ್ದರೆ ನಿಶ್ಚಿಂತೆ, 70 ದಾಟಿದ್ದರೆ ಬೆಲೆ ಜಗ್ಗಿ ಇಳಿಸಿ ಅಥವಾ ಬಿಟ್ಟುಬಿಡಿ. ಕೊನೆಗೆ 50 ಮಿ.ಮೀ. ಹಾಕಿ ಎಫ್/1.8ರಲ್ಲಿ ಓರೆಯಾಗಿಟ್ಟ ದಿನಪತ್ರಿಕೆಯ ಒಂದು ಸಾಲಿಗೆ ಫೋಕಸ್ ಮಾಡಿ. ಚೂಪು ಆ ಸಾಲಿನಲ್ಲೇ ಬೀಳಬೇಕು, ಹಿಂದಿನ ಮುಂದಿನ ಸಾಲಿನಲ್ಲಲ್ಲ.

ಹೊಸ ಡಿಎಸ್‌ಎಲ್‌ಆರ್ ಎಲ್ಲಾದರೂ ಸ್ಟಾಕಿನಲ್ಲಿದ್ದರೆ? ಬೇಡ. ಕ್ಯಾನನ್, ನಿಕಾನ್ ಎರಡೂ ಹೊಸ ಲೆನ್ಸು ತರುತ್ತಿರುವುದು ಮಿರರ್‌ಲೆಸ್ಸಿಗೆ. ಹೊಸದರ ಬೆಲೆ ಕೊಟ್ಟು ನಿಂತ ದಾರಿಯಲ್ಲಿ ಹೋಗುವುದಕ್ಕಿಂತ ಅದೇ ದಾರಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಅರ್ಧ ಖರ್ಚಿಗೆ ನಡೆಯುವುದು ಜಾಣತನ.

ಹೊಸ ಮಿರರ್‌ಲೆಸ್: ಓಟಕ್ಕೆ ಮತ್ತು ವಿಡಿಯೊಗೆ

ಕ್ಯಾನನ್ ಆರ್50, ಆರ್100, ನಿಕಾನ್ ಝಡ್50, ಸೋನಿ ಝಡ್‌ವಿ-ಇ10 ಈ ಸಾಲಿನವು: ಲೆನ್ಸು ಬದಲಿಸಬಹುದು, ಒಳಗೆ ಕನ್ನಡಿ ಮಾತ್ರ ಇಲ್ಲ. ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಬರುವವರ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಫೋಕಸ್ ಇವುಗಳ ದೊಡ್ಡ ಬಲ. 1500ಡಿಯ ಒಂಬತ್ತು ಫೋಕಸ್ ಚುಕ್ಕಿಗಳಲ್ಲಿ ನಡುವಿನದನ್ನೇ ನಂಬಿ ಕೆಲಸ ಮಾಡುವವರಿಗೆ ಇದು ಬೇರೆಯೇ ಲೋಕ. ಫೋಟೊ ಹೇಗೆ ಬರುತ್ತದೆ ಎಂಬುದು ಕ್ಲಿಕ್ ಮಾಡುವ ಮೊದಲೇ ಕಾಣುವುದರಿಂದ ಎಕ್ಸ್‌ಪೋಶರ್ (ಚಿತ್ರಕ್ಕೆ ಬೆಳಕು ಹೊಂದಿಸುವುದು) ಬೇಗ ಕಲಿಯುತ್ತೀರಿ. ಬೇಗ ಕಲಿಯುವುದೂ ಆಳವಾಗಿ ಕಲಿಯುವುದೂ ಒಂದೇ ಅಲ್ಲ ಎಂದು ವಾದಿಸುವವರಿದ್ದಾರೆ. ಕಲಿಯುವವರಿಗೆ ಬೇಸರ ಬಾರದಿರುವುದು ಅದಕ್ಕಿಂತ ಮುಖ್ಯ ಎಂಬುದು ನಮ್ಮ ಎಣಿಕೆ.

ಅಂಗಡಿಯಲ್ಲಿ ಯಾರೂ ಹೇಳದ ಮಾತೊಂದಿದೆ. ಹಲವು ಹೊಸ ಬಾಡಿಗಳ ಜತೆ ಬರುವ ಕಿಟ್ ಲೆನ್ಸು ಹಳೆಯದಕ್ಕಿಂತ ಕತ್ತಲು. ಆರ್50ರ 18-45 ಲೆನ್ಸು ಎಫ್/4.5ರಿಂದ 6.3. ಅಂದರೆ 70 ಸಾವಿರ ಕೊಟ್ಟು ತಂದ ಕ್ಯಾಮೆರಾ ಗುಹೆಯೊಳಗೆ, ಬರೀ ಕಿಟ್ ಲೆನ್ಸಿನಲ್ಲಿ, 25 ಸಾವಿರದ ಹಳೆ ಬಾಡಿ ಮತ್ತು 50ರ ಜೋಡಿಗೆ ಸೋಲುತ್ತದೆ. ಆದ್ದರಿಂದ ಮಿರರ್‌ಲೆಸ್ ಬಜೆಟ್ಟಿನಲ್ಲಿ ಎಫ್/1.8 ಲೆನ್ಸಿನ ಬೆಲೆಯನ್ನು ಮೊದಲೇ ಕೂಡಿಸಿಕೊಳ್ಳಿ. ಮನೆಯಲ್ಲಿ ಆಗಲೇ ಕ್ಯಾನನ್ ಇಎಫ್ (ಅದರ ಡಿಎಸ್‌ಎಲ್‌ಆರಿನ) ಲೆನ್ಸಿದ್ದರೆ ಅಡಾಪ್ಟರ್ ಹಾಕಿ ಆರ್ ಬಾಡಿಗಳ ಮೇಲೆ ಪೂರ್ತಿ ಆಟೊಫೋಕಸ್ ಸಮೇತ ಬಳಸಬಹುದು.

ಬ್ಯಾಟರಿ ಬೇಗ ಇಳಿಯುತ್ತದೆ, ಎರಡನೆಯದು ಕಡ್ಡಾಯ. ಝಡ್‌ವಿ-ಇ10ಕ್ಕೆ ಕಣ್ಣಿಟ್ಟು ನೋಡುವ ವ್ಯೂಫೈಂಡರೇ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಪಟ್ಟದಕಲ್ಲಿನ ಬಯಲಲ್ಲಿ ನಿಂತು ಸ್ಕ್ರೀನ್ ನೋಡಲು ಹೋದರೆ ನಿಮ್ಮ ಮುಖವೇ ಕಾಣುತ್ತದೆ. ವಿಡಿಯೊ ಮುಖ್ಯವಾದರೆ ಮಾತ್ರ ಅದು. ಸಭಾಭವನದ ಎಲ್‌ಇಡಿ ದೀಪದಡಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದಲ್ಲಿ ಅಡ್ಡ ಪಟ್ಟಿ ಬೀಳುತ್ತವೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಶಟರನ್ನು 1/50 ಅಥವಾ 1/100ಕ್ಕೆ ಇಡಿ.

ಸೂಪರ್‌ಜೂಮ್: ಹಕ್ಕಿಯವರಿಗೆ, ಹಗಲಿನವರಿಗೆ

ನಿಕಾನ್ ಪಿ900, ಪಿ950ಯಂಥವು. ಲೆನ್ಸು ಬಿಚ್ಚುವಂತಿಲ್ಲ, 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 2000 ಮಿ.ಮೀ. ಜೂಮ್. ಇದರ ಅರ್ಥ ಒಂದು ಟಿಟ್ಟಿಭದಿಂದ ತಿಳಿಯುತ್ತದೆ. ಸುಮಾರು 35 ಸೆಂ.ಮೀ. ಉದ್ದದ ಹಕ್ಕಿ 30 ಮೀಟರ್ ದೂರದಲ್ಲಿ ಕೂತಿದೆ. ಡಿಎಸ್‌ಎಲ್‌ಆರಿಗೆ 55-250 ಜೂಮ್ ಲೆನ್ಸು ಹಾಕಿದರೆ ಅದು ಚೌಕಟ್ಟಿನ ಅಗಲದ ಎಂಟನೇ ಒಂದು ಭಾಗ ಬರುತ್ತದೆ. ಪಿ950ರಲ್ಲಿ ಪೂರ್ತಿ ಜೂಮಿಗೆ ಮೂರನೇ ಎರಡು ಭಾಗ. ಅಷ್ಟು ಹತ್ತಿರಕ್ಕೆ ಡಿಎಸ್‌ಎಲ್‌ಆರಿನಲ್ಲಿ ಹೋಗಬೇಕೆಂದರೆ ಲೆನ್ಸಿಗೇ ಲಕ್ಷಗಳಲ್ಲಿ ಲೆಕ್ಕ.

ಕೊಡಬೇಕಾದ ಸುಂಕವೂ ದೊಡ್ಡದೇ. ಇದರ ಸೆನ್ಸರ್ ಡಿಎಸ್‌ಎಲ್‌ಆರಿನದರ ಹನ್ನೆರಡನೇ ಒಂದು ಭಾಗದಷ್ಟಿದೆ. ಮುಂಜಾನೆ, ಮುಸ್ಸಂಜೆ ಹಕ್ಕಿ ಚುರುಕಾಗಿರುವ ಹೊತ್ತಿಗೇ ಚಿತ್ರ ಎಣ್ಣೆಬಣ್ಣ ಬಳಿದಂತಾಗುತ್ತದೆ. ಹಾರುವ ಹಕ್ಕಿಯನ್ನು ಪೂರ್ತಿ ಜೂಮಿನಲ್ಲಿ ಹುಡುಕುವಷ್ಟರಲ್ಲಿ ಅದು ದಂಡೆ ದಾಟಿರುತ್ತದೆ. ಗುಹೆಗಂತೂ ಇದನ್ನು ಒಯ್ಯುವುದೇ ದಂಡ. ಬೇಸಿಗೆಯ ಹತ್ತು ಗಂಟೆಯ ಮೇಲೆ ಹಿನ್ನೀರಿನ ಮೇಲಿನ ಗಾಳಿ ಕಾದು ಕುಣಿಯತೊಡಗಿದರೆ ದೂರದ ಹಕ್ಕಿ ನೀರಿನೊಳಗಿದ್ದಂತೆ ಅಲುಗುತ್ತದೆ. ಅದು ಕ್ಯಾಮೆರಾದ ದೋಷವಲ್ಲ, ಎಷ್ಟು ಬೆಲೆಯ ಲೆನ್ಸಿನಿಂದಲೂ ಸರಿಹೋಗುವುದಿಲ್ಲ. ನವೆಂಬರಿನಿಂದ ಫೆಬ್ರವರಿ, ಬೆಳಗಿನ ಏಳರಿಂದ ಒಂಬತ್ತು, ಸೂರ್ಯ ಬೆನ್ನಿಗೆ: ಈ ಹೊತ್ತಿನವರಿಗೆ ಸೂಪರ್‌ಜೂಮ್ ಕೊಟ್ಟ ರೊಕ್ಕ ತೀರಿಸುತ್ತದೆ.

ಕಾರಹುಣ್ಣಿಮೆಯ ಎತ್ತಿನ ಓಟಕ್ಕೆ ಇದು ಬೇಡ, 55-250 ಸಾಕು. ಬಿಸಿಲಿದ್ದರೆ ಎಫ್/5.6, ಐಎಸ್‌ಒ 400ರಲ್ಲಿ 1/1600 ಆರಾಮವಾಗಿ ಸಿಗುತ್ತದೆ. ಫೋಕಸನ್ನು ಕ್ಯಾನನ್ನಿನಲ್ಲಿ ಎಐ ಸರ್ವೊ, ನಿಕಾನಿನಲ್ಲಿ ಎಎಫ್-ಸಿಗೆ (ಓಡುವುದನ್ನು ಬೆನ್ನಟ್ಟುವ ಫೋಕಸ್) ತಿರುಗಿಸುವುದನ್ನು ಮರೆತರೆ ಎತ್ತಿನ ಹಿಂದಿನ ಜನ ಮಾತ್ರ ಚೂಪಾಗಿ ಬರುತ್ತಾರೆ.

ಧೂಳು, ಮಳೆ, ಮಂಗ

ಬಯಲುಸೀಮೆಯವರು ಜಾತ್ರೆಯ ನಡುವೆ ಲೆನ್ಸು ಬದಲಿಸಬಾರದು. ಬದಲಿಸಲೇಬೇಕಾದರೆ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಹಿಡಿದು, ಗಾಳಿಗೆ ಬೆನ್ನು ಕೊಟ್ಟು ಬದಲಿಸಿ. ಮಿರರ್‌ಲೆಸ್ಸಿನಲ್ಲಿ ಕನ್ನಡಿಯ ಅಡ್ಡಿ ಇಲ್ಲದೆ ಸೆನ್ಸರ್ ಮುಂದೆಯೇ ಇರುವುದರಿಂದ ಎಚ್ಚರ ಇನ್ನೂ ಹೆಚ್ಚು ಬೇಕು. ಬಾಯಿಂದ ಊದಬೇಡಿ, ಎಂಜಲಿನ ಹನಿ ಕಲೆಯಾಗಿ ಕೂರುತ್ತದೆ. ರಬ್ಬರಿನ ಬ್ಲೋವರ್ ಬಳಸಿ. ಬೆಳಗಾವಿ ಕಡೆಯವರಿಗೆ ಬೂಸ್ಟೇ ಶತ್ರು. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಜೆಲ್ ಒಣಗಿಸುವ ಹೊತ್ತಾಯಿತೆಂದು ಲೆಕ್ಕ. ಚರ್ಮದ ಚೀಲದಲ್ಲಿಟ್ಟು ಕಪಾಟು ಸೇರಿಸುವುದು ಬೂಸ್ಟಿಗೆ ಕರೆದು ಊಟ ಹಾಕಿದಂತೆ.

ಗೋಕಾಕ ಜಲಪಾತ ಮೈದುಂಬುವ ಮಳೆಗಾಲದಲ್ಲಿ ತುಂತುರು ದೂರದವರೆಗೂ ಬರುತ್ತದೆ. ಮೇಲೆ ಹೇಳಿದ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ನೀರು ತಡೆಯುವ ಕಟ್ಟು ಇಲ್ಲ, ಲೆನ್ಸಿನ ಬಾಯಿಗೆ ತೂತು ಮಾಡಿದ ಪ್ಲಾಸ್ಟಿಕ್ ಚೀಲವನ್ನಾದರೂ ತೊಡಿಸಿ. ನೀರನ್ನು ಹಾಲಿನಂತೆ ತೋರಿಸಬೇಕಾದರೆ ಟ್ರೈಪಾಡ್ ಬೇಕು. ಮೋಡದ ದಿನ ಐಎಸ್‌ಒ 100, ಎಫ್/16, ಎನ್‌ಡಿ8 ಎಂಬ ಬೆಳಕು ತಗ್ಗಿಸುವ ಫಿಲ್ಟರ್ ಹಾಕಿದರೆ ಅರ್ಧ ಸೆಕೆಂಡಿನ ಮೇಲೆ ಸಿಗುತ್ತದೆ. ಬಾದಾಮಿಯಲ್ಲಿ ಮಾತ್ರ ಯಾವ ಫಿಲ್ಟರೂ ಕಾಯುವುದಿಲ್ಲ: ಅಲ್ಲಿನ ಮಂಗಗಳು ಚೀಲ, ಲೆನ್ಸಿನ ಮುಚ್ಚಳ ಕಸಿಯುತ್ತವೆ, ತಿನಿಸಿನ ಪೊಟ್ಟಣವನ್ನು ಕ್ಯಾಮೆರಾ ಚೀಲದಲ್ಲಿ ಇಡಲೇಬೇಡಿ.

ಕೈಯಲ್ಲಿರುವ ರೊಕ್ಕಕ್ಕೆ

ಬೆಲೆಗಳು ಹಬ್ಬದ ಆಫರಿಗೂ ಮಾಡೆಲ್ ಬದಲಾದಾಗಲೂ ಏರಿಳಿಯುತ್ತವೆ, ಇವು ಅಂದಾಜು ಮಾತ್ರ. ಐದು ಸಾವಿರದೊಳಗಿದ್ದರೆ ಕ್ಯಾಮೆರಾದ ಆಸೆ ಬಿಟ್ಟು ಇರುವ ಫೋನಿಗೆ ಒಂದು ಸಣ್ಣ ಟ್ರೈಪಾಡ್ ಕೊಂಡು ಪ್ರೋ ಮೋಡ್, ರಾ (ಸಂಸ್ಕರಿಸದ ಕಚ್ಚಾ) ಫೈಲ್ ಕಲಿಯಿರಿ. ಉಳಿದ ರೊಕ್ಕ ಬಾದಾಮಿಯ ಬಸ್ ಚಾರ್ಜಿಗೆ. ಭೂತನಾಥ ಗುಡಿಯ ಮೇಲೆ ಸಂಜೆಯ ಬಿಸಿಲು ಬೀಳುವುದನ್ನು ಬೇರೆ ಬೇರೆ ತಿಂಗಳಲ್ಲಿ ನೋಡಿದವರಿಗೆ ಆಮೇಲೆ ಯಾವ ಕ್ಯಾಮೆರಾ ಕೊಟ್ಟರೂ ನಡೆಯುತ್ತದೆ.

20ರಿಂದ 30 ಸಾವಿರಕ್ಕೆ ಹಳೆ ಡಿಎಸ್‌ಎಲ್‌ಆರ್, ಕಿಟ್ ಲೆನ್ಸು, 50 ಎಫ್/1.8. ಎಲ್ಲ ರೊಕ್ಕವನ್ನೂ ಬಾಡಿಯೊಂದಕ್ಕೇ ಸುರಿಯಬೇಡಿ. 1300ಡಿ ಮತ್ತು 50ರ ಜೋಡಿ, ಬರೀ ಕಿಟ್ ಲೆನ್ಸಿನ 200ಡಿಗಿಂತ ಗುಹೆಯಲ್ಲೂ ಮಗ್ಗದ ಮನೆಯಲ್ಲೂ ಮೇಲು. 40 ಸಾವಿರದ ಆಸುಪಾಸಿದ್ದರೆ ಅದಕ್ಕೆ 55-250 ಸೇರಿಸಿ. ಹೊಸ ಆರ್100 ಕಣ್ಣಿಗೆ ಬೀಳುವುದೂ ಇದೇ ಹಂತದಲ್ಲಿ, ಆದರೆ ಅದರ ಸ್ಕ್ರೀನ್ ಮುಟ್ಟಿದರೆ ಸ್ಪಂದಿಸುವುದಿಲ್ಲ, ತಿರುಗುವುದೂ ಇಲ್ಲ. 70ರ ಮೇಲೆ ಹೋಗಬಲ್ಲವರು ಎರಡರಲ್ಲಿ ಒಂದು ಹಾದಿ ಹಿಡಿಯಬೇಕು. ಹಕ್ಕಿಯೇ ಪ್ರಾಣವಾದರೆ ಸೂಪರ್‌ಜೂಮ್, ಇಲ್ಲವಾದರೆ ಮಿರರ್‌ಲೆಸ್ ಮತ್ತು ಒಂದು ಎಫ್/1.8. ಎರಡನ್ನೂ ಒಂದೇ ಕ್ಯಾಮೆರಾದಲ್ಲಿ ಪಡೆಯುವ ದಾರಿ ಈ ಬೆಲೆಯಲ್ಲಿಲ್ಲ.

ಇನ್ನೂ ಡೋಲಾಯಮಾನವಾಗಿದ್ದರೆ ಪರಿಚಯದ ಸ್ಟುಡಿಯೊದವರಿಂದ ಒಂದು ದಿನದ ಮಟ್ಟಿಗೆ ಬಾಡಿ ಮತ್ತು 50 ಮಿ.ಮೀ. ಬಾಡಿಗೆಗೆ ಕೇಳಿ, ನಿಮ್ಮದೇ ಜಾಗದಲ್ಲಿ ಫೋನಿನ ಪಕ್ಕದಲ್ಲಿಟ್ಟು ತೆಗೆದು ಹೋಲಿಸಿ. ಕೊಳ್ಳುವ ದಿನ ಸರ್ವಿಸ್ ಎಲ್ಲಿ ಸಿಗುತ್ತದೆ, ಭಾರತದ ವಾರಂಟಿ ಇದೆಯೇ ಎಂದು ಮೊದಲು ಕೇಳಿ. ಬಿಲ್ಲಿಲ್ಲದೆ ಕಡಿಮೆ ಬೆಲೆಗೆ ಕೊಡುವ ಹೊರದೇಶದ ಮಾಲಿಗೆ ಅದು ಇರುವುದಿಲ್ಲ. ಬಾಡಿಯ ತಳದಲ್ಲಿರುವ ಸೀರಿಯಲ್ ನಂಬರೂ ಡಬ್ಬದ ಮೇಲಿನದೂ ಒಂದೇ ಇವೆಯೇ ನೋಡಿ, ಆ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಂಡ ಮೇಲೆಯೇ ರೊಕ್ಕ ಕೊಡಿ.